ಕ್ರೈಸ್ತರು, ಜನಪದ ಸಂಸ್ಕೃತಿ ಮತ್ತು ಆಧುನಿಕ ಸಮಾಜ: ಹೊಸಪೇಟೆ–ಸಂಡೂರು ಪರಿಸರವನ್ನು ಅನುಲಕ್ಷಿಸಿ

1. ಪ್ರವೇಶ

ಹೊಸಪೇಟೆಯಿಂದ ಬಳ್ಳಾರಿಯತ್ತ ಸಾಗುವ ದಾರಿಯಲ್ಲಿರುವ ಪಾಪಿನಾಯಕನಹಳ್ಳಿ ಜನರ ಬಾಯಲ್ಲಿ ಪಿ.ಕೆ. ಹಳ್ಳಿ. ದಕ್ಷಿಣಕ್ಕೆ ಸಂಡೂರಿನ ಅದಿರಿನ ಬೆಟ್ಟಸಾಲು, ಉತ್ತರಕ್ಕೆ ಹಂಪಿಯ ಬಂಡೆಗಳ ಸೀಮೆ. ಈ ನಡುವಿನ ನೆಲದಲ್ಲಿ ಊರಮ್ಮನ ಜಾತ್ರೆ, ಮೊಹರಂನ ಅಲಾಯಿ ಕುಣಿತ, ಲಂಬಾಣಿ ತಾಂಡಾಗಳ ಹಾಡು ಒಂದೆಡೆಯಾದರೆ, ಅದಿರಿನ ಲಾರಿ, ಕಬ್ಬಿಣದ ಕಾರ್ಖಾನೆ, ಕೈಗೊಂದು ಮೊಬೈಲು ಇನ್ನೊಂದೆಡೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ ಆ ಜಿಲ್ಲೆಯ ಕೇಂದ್ರವಾಯಿತು. ಸಂಡೂರು ಮತ್ತು ಕಂಪ್ಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಆಡಳಿತದ ಗೆರೆ ಬದಲಾದರೂ ಈ ಪರಿಸರದ ಸಾಂಸ್ಕೃತಿಕ ಬದುಕು ಒಂದೇ ಆಗಿದೆ.

ಇಂತಹ ಪರಿಸರದಲ್ಲಿ ಬಾಳುವ ಕ್ರೈಸ್ತರು ಸುತ್ತಣ ಸಂಸ್ಕೃತಿಯೊಡನೆ ಹಾಗೂ ಆಧುನಿಕ ಸಮಾಜದೊಡನೆ ಯಾವ ಬಗೆಯ ಸಂಬಂಧವನ್ನು ಇಟ್ಟುಕೊಳ್ಳಬೇಕು ಎಂಬುದು ಧರ್ಮಶಾಸ್ತ್ರದ ಪ್ರಶ್ನೆಯಂತೆ ಕಂಡರೂ ಮೂಲತಃ ನಿತ್ಯಜೀವನದ ಪ್ರಶ್ನೆ. ಅಮೆರಿಕದ ಚಿಂತಕ ಎಚ್. ರಿಚರ್ಡ್ ನೀಬೂರ್ 1951ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕ್ರಿಸ್ತ ಮತ್ತು ಸಂಸ್ಕೃತಿಯ ಸಂಬಂಧವನ್ನು ಐದು ಬಗೆಯಾಗಿ ವಿಂಗಡಿಸಿದನು: ಸಂಸ್ಕೃತಿಯನ್ನು ವಿರೋಧಿಸುವುದು, ಅದರೊಡನೆ ಒಂದಾಗುವುದು, ಅದರ ಮೇಲೆ ನಿಂತು ಅದನ್ನು ಪೂರ್ಣಗೊಳಿಸುವುದು, ಅದರೊಡನೆ ಇಬ್ಬಂದಿಯಲ್ಲಿ ಬಾಳುವುದು, ಅದನ್ನು ಮಾರ್ಪಡಿಸುವುದು. ಈ ವಿಂಗಡಣೆ ಪಾಠ ಹೇಳಲು ಅನುಕೂಲವಾದುದು. ಆದರೆ ಒಂದೇ ಕುಟುಂಬವು ಒಂದೇ ದಿನದಲ್ಲಿ ಈ ಐದನ್ನೂ ಮಾಡುತ್ತದೆ ಎಂಬುದನ್ನು ಜಾನಪದ ಅಧ್ಯಯನ ತೋರಿಸಿಕೊಡಬಲ್ಲದು. ಭಾಷೆಯನ್ನು ಉಳಿಸಿಕೊಂಡ ಮನೆ ಬಲಿಯನ್ನು ಬಿಡುತ್ತದೆ. ದೀಪವನ್ನು ಉಳಿಸಿಕೊಂಡು ಅದರ ಅರ್ಥವನ್ನು ಬದಲಿಸುತ್ತದೆ. ಆದುದರಿಂದ ‘ಸ್ವೀಕಾರವೋ ನಿರಾಕರಣೆಯೋ’ ಎಂದು ಕೇಳುವುದಕ್ಕಿಂತ, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದಕ್ಕೆ ಹೊಸ ಅರ್ಥ ಕೊಡಬೇಕು, ಯಾವುದನ್ನು ಬಿಡಬೇಕು, ಮತ್ತು ಈ ಆಯ್ಕೆಗೆ ಅಳತೆಗೋಲು ಯಾವುದು ಎಂದು ಕೇಳುವುದು ಸೂಕ್ತ. ಈ ಪರಿಸರದ ಚರಿತ್ರೆಯಲ್ಲಿಯೇ ಅದಕ್ಕೆ ಉತ್ತರದ ಎಳೆಗಳಿವೆ.

2. ಕೆರೆಯ ಏರಿ ಮತ್ತು ಬಲಿ

ಈ ಪ್ರದೇಶಕ್ಕೂ ಕ್ರೈಸ್ತ ಜಗತ್ತಿಗೂ ಉಂಟಾದ ಮೊದಲ ಸಂಪರ್ಕಗಳು ವಿಜಯನಗರ ಕಾಲದವು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಡೊಮಿಂಗೋ ಪಾಯಸ್ ಮತ್ತು ಅಚ್ಯುತರಾಯನ ಕಾಲದಲ್ಲಿದ್ದ ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸರ ಬರಹಗಳಲ್ಲಿ ಈಗಿನ ಹೊಸಪೇಟೆಯ ಬಳಿ ರಾಯನು ಕಟ್ಟಿಸಿದ ಬೃಹತ್ ಕೆರೆಯೊಂದರ ವರ್ಣನೆಯಿದೆ. ರಾಬರ್ಟ್ ಸಿವೆಲ್ 1900ರಲ್ಲಿ ಈ ಬರಹಗಳನ್ನು ಇಂಗ್ಲಿಷಿನಲ್ಲಿ ಹೊರತಂದಾಗ, ಊರಿನ ದಕ್ಷಿಣಕ್ಕೆ ಗುಡ್ಡಗಳ ನಡುವೆ ಇರುವ ದೊಡ್ಡ ಏರಿಯನ್ನೇ ಆ ಕೆರೆಯದೆಂದು ಗುರುತಿಸಿದನು. ನೂನಿಜ್ ಹೇಳುವಂತೆ, ಗೋವೆಯಿಂದ ಜೋವಾವ್ ಡೆ ಲಾ ಪೊಂಟೆ ಎಂಬ ಕಲ್ಲುಕೆಲಸದ ಪರಿಣತನನ್ನು ರಾಯನು ಕರೆಯಿಸಿಕೊಂಡನು. ಅವನು ಸುಣ್ಣವನ್ನು ಸಿದ್ಧಪಡಿಸಲು ಕೇಳಿದಾಗ ರಾಯನು ನಕ್ಕನಂತೆ. ಏರಿ ನಿಲ್ಲದೆ ಕುಸಿದಾಗ ಬಲಿ ಕೊಡಲಾಯಿತೆಂದು ಇಬ್ಬರು ಬರಹಗಾರರೂ ದಾಖಲಿಸಿದ್ದಾರೆ.

ಕನ್ನಡ ಜನಪದರಿಗೆ ಈ ಆಶಯ ಹೊಸದಲ್ಲ. ‘ಕೆರೆಗೆ ಹಾರ’ ಎಂಬ ಕಥನಗೀತೆಯಲ್ಲಿ ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡಲಾಗುತ್ತದೆ. ಆ ಹಾಡನ್ನು ಹಾಡಿದ ಹೆಣ್ಣುಮಕ್ಕಳು ಬಲಿಯನ್ನು ಕೊಂಡಾಡಲಿಲ್ಲ. ಭಾಗೀರಥಿಯ ಸಂಕಟದ ಕಡೆಗೆ ನಿಂತರು. ಸಂಸ್ಕೃತಿಯೆಂಬುದು ಒಂದೇ ಧ್ವನಿಯಲ್ಲ, ಅದರೊಳಗೇ ಅದರ ವಿಮರ್ಶೆಯೂ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಕೆರೆಯ ಈ ಪ್ರಸಂಗದಲ್ಲಿ ಮುಂದಿನ ಚರ್ಚೆಗೆ ಬೇಕಾದ ಎರಡು ಅಂಶಗಳಿವೆ. ಮೊದಲನೆಯದು, ಹೊರಗಿನಿಂದ ಬಂದ ತಂತ್ರಜ್ಞಾನ ಊರಿನ ನೀರಿಗಾಗಿ ದುಡಿಯಬಲ್ಲದು; ಪರಕೀಯವೆಂಬ ಕಾರಣಕ್ಕೆ ಅದು ತ್ಯಾಜ್ಯವಲ್ಲ. ಎರಡನೆಯದು, ಸ್ಥಳೀಯವಾದುದೆಲ್ಲವೂ ಆ ಕಾರಣಕ್ಕಾಗಿಯೇ ಪೂಜ್ಯವೂ ಅಲ್ಲ. ದೇಶೀಯ–ವಿದೇಶೀಯ ಎಂಬ ಭೇದ ಆಯ್ಕೆಯ ಅಳತೆಗೋಲಾಗಲಾರದು.

3. ಬಳ್ಳಾರಿಯ ಭಾಷಾಂತರ: ಒಂದು ಮಾತಿನ ಮೂರು ಅರ್ಥ

1800ರಲ್ಲಿ ನಿಜಾಮನಿಂದ ಇಂಗ್ಲಿಷರಿಗೆ ಬಿಟ್ಟುಕೊಡಲ್ಪಟ್ಟ ಜಿಲ್ಲೆಗಳಲ್ಲಿ ಬಳ್ಳಾರಿ ಸೀಮೆಯೂ ಸೇರಿತ್ತು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದನು. ಅವನ ನೇತೃತ್ವದಲ್ಲಿ ಕನ್ನಡ ಬೈಬಲ್ 1831ರ ವೇಳೆಗೆ ಪೂರ್ಣವಾಯಿತು. ಅವನ ಸಹೋದ್ಯೋಗಿ ವಿಲಿಯಂ ರೀವ್‌ನ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಪ್ರಕಟವಾಯಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆಯು 1844ರಲ್ಲಿ ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಕನ್ನಡದ ಆಧುನಿಕತೆಯ ಮೊದಲ ಉಪಕರಣಗಳಾದ ಅಚ್ಚಿನ ಪುಸ್ತಕ, ನಿಘಂಟು, ಪತ್ರಿಕೆಗಳಲ್ಲಿ ಕ್ರೈಸ್ತರ ಕೈವಾಡ ಹೀಗೆ ಗಣನೀಯವಾದುದು. ಆದಕಾರಣ ಆಧುನಿಕ ಸಂಸ್ಕೃತಿಯನ್ನು ಕ್ರೈಸ್ತರು ಹೊರಗಿನಿಂದ ಎದುರಿಸಬೇಕಾದ ವಸ್ತುವೆಂದು ಭಾವಿಸುವುದು ಚರಿತ್ರೆಗೆ ಸಲ್ಲದು. ಅದರ ನಿರ್ಮಾಣದಲ್ಲಿ ಅವರೂ ಪಾಲುದಾರರು. ಪಾಲುದಾರರಿಗೆ ಹೊಣೆಯೂ ಇದೆ.

ಭಾಷಾಂತರವು ಸಂಸ್ಕೃತಿಯೊಡನೆ ನಡೆಸುವ ಮೊದಲ ಒಪ್ಪಂದ. ‘ಪಾಪ’ ಎಂಬ ಒಂದು ಪದವನ್ನು ಪರಿಶೀಲಿಸಬಹುದು. ಸಂಸ್ಕೃತ ಮೂಲದ ಅರ್ಥದಲ್ಲಿ ಅದು ಕೇಡಿನ ಕೃತ್ಯ. ಬೈಬಲಿನ ಕನ್ನಡ ಈ ಅರ್ಥವನ್ನು ಆಧರಿಸಿದೆ. ಆಡುಮಾತಿನಲ್ಲಿ ‘ಪಾಪ’ ಎಂದರೆ ಅಯ್ಯೋ ಎನ್ನುವ ಕನಿಕರ. ದ್ರಾವಿಡ ಮೂಲದ ಇನ್ನೊಂದು ಅರ್ಥದಲ್ಲಿ ಪಾಪ ಎಂದರೆ ಎಳೆಗೂಸು. ಕಣ್ಣಿನ ಪಾಪೆ ಎಂಬಲ್ಲಿಯೂ ಆ ಅರ್ಥದ ನೆರಳಿದೆ. ಪಾಪಯ್ಯ, ಪಾಪಣ್ಣ, ಪಾಪಮ್ಮ ಎಂಬ ಹೆಸರುಗಳು ಕನ್ನಡ ನಾಡಿನಲ್ಲಿ ಬಳಕೆಯಲ್ಲಿವೆ. ಪಾಪಿನಾಯಕನಹಳ್ಳಿಯಲ್ಲಿ ಅಡಗಿರುವ ನಾಯಕನ ಹೆಸರನ್ನೂ ಈ ಬಳಗದಲ್ಲಿಟ್ಟು ನೋಡುವುದು ಸಹಜವೇ ಹೊರತು, ಪಾಪ ಮಾಡಿದವನೆಂದು ಅರ್ಥೈಸಬೇಕಾಗಿಲ್ಲ. ಬೋಧಕನು ವೇದಿಕೆಯ ಮೇಲಿಂದ ‘ಪಾಪಿಗಳೇ’ ಎಂದು ಕರೆದಾಗ ಕೇಳುವ ಕಿವಿಗೆ ಆಪಾದನೆಯೊಂದಿಗೆ ಕನಿಕರವೂ ಕೇಳಿಸುವ ಅವಕಾಶ ಕನ್ನಡದಲ್ಲಿದೆ. ಆ ಕನಿಕರವನ್ನು ಬಿಟ್ಟು ಆಪಾದನೆಯನ್ನು ಮಾತ್ರ ಎತ್ತಿಕೊಂಡ ಬೋಧನೆ ಜನರ ಮನಸ್ಸನ್ನು ಮುಟ್ಟಲಾರದು. ಸತ್ಯವೇದ, ಸುವಾರ್ತೆ, ಗುರು, ಕೃಪೆ, ಬಲಿಪೂಜೆ, ಜಪಸರ ಮೊದಲಾದ ಪದಗಳೂ ಹೀಗೆಯೇ ನೆಲದ ಹಳೆಯ ನೆನಪುಗಳನ್ನು ಹೊತ್ತುಕೊಂಡೇ ದೇವಾಲಯದೊಳಕ್ಕೆ ಬಂದವು.

4. ಉಳಿಕೆ, ಅರ್ಥಾಂತರ, ತ್ಯಾಗ

ಕರ್ನಾಟಕದ ಕ್ರೈಸ್ತ ಆಚರಣೆಗಳನ್ನು ಗಮನಿಸಿದಾಗ ಮೂರು ಪ್ರಕ್ರಿಯೆಗಳು ಸ್ಪಷ್ಟವಾಗುತ್ತವೆ. ಮೊದಲನೆಯದು ಉಳಿಕೆ. ಊಟ, ಉಡುಗೆ, ಬಂಧುವಾಚಕಗಳು, ಮದುವೆಯ ಅರಿಸಿನ, ಸೋಬಾನೆಯ ಧಾಟಿ ಇವು ಮತಾಂತರದ ನಂತರವೂ ಮುಂದುವರಿಯಬಲ್ಲವು. ಇವುಗಳನ್ನು ಅಳಿಸುವುದು ಧರ್ಮದ ಅಗತ್ಯವಲ್ಲ.

ಎರಡನೆಯದು ಅರ್ಥಾಂತರ. ಫರ್ಡಿನೆಂಡ್ ಕಿಟೆಲ್ 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದನು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಜನರ ಭಾಷೆಯಲ್ಲಿ ಪೂಜೆಗೆ ದಾರಿಮಾಡಿತು. 1969ರಲ್ಲಿ ಭಾರತದ ಕ್ಯಾಥೋಲಿಕ್ ಸಭೆಗೆ ಹನ್ನೆರಡು ಅಂಶಗಳ ಅಳವಡಿಕೆಗೆ ರೋಮಿನ ಅನುಮತಿ ದೊರೆಯಿತು. ನೆಲದ ಮೇಲೆ ಕೂರುವುದು, ಅಂಜಲಿ ಬದ್ಧರಾಗಿ ವಂದಿಸುವುದು, ಎಣ್ಣೆದೀಪ, ಊದುಬತ್ತಿ, ಆರತಿ ಇವು ಅವುಗಳಲ್ಲಿ ಕೆಲವು. ಡಿ.ಎಸ್. ಅಮಲೋರ್ಪವದಾಸ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಕೇಂದ್ರವು ಈ ಪ್ರಯೋಗಗಳಿಗೆ ನೆಲೆಯಾಯಿತು. ವಿದ್ವಾಂಸರು ಹೀಗೆ ಯೋಜಿಸಿ ಮಾಡಿದ್ದನ್ನು ಜನರು ಯೋಜನೆಯಿಲ್ಲದೆಯೇ ಮಾಡಿದರು. ಮೈಸೂರು ಜಿಲ್ಲೆಯ ಡೋರ್ನಹಳ್ಳಿಯಲ್ಲಿ ಉಳುವ ರೈತನಿಗೆ ಹೊಲದಲ್ಲಿ ಸಂತ ಅಂತೋಣಿಯವರ ಪ್ರತಿಮೆ ದೊರೆಯಿತೆಂಬ ಐತಿಹ್ಯವು, ನೇಗಿಲಿಗೆ ದೇವರು ಸಿಕ್ಕ ನಾಡಿನ ಅಸಂಖ್ಯ ಸ್ಥಳಪುರಾಣಗಳ ಸಾಲಿಗೆ ಸೇರುತ್ತದೆ. ಅಲ್ಲಿ ಹರಕೆ ಹೊರುವವರಲ್ಲಿ ಎಲ್ಲ ಮತದವರೂ ಇದ್ದಾರೆ.

ಮೂರನೆಯದು ತ್ಯಾಗ. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಸವಿ ಬಿಡುವ ಪದ್ಧತಿ ಬಳ್ಳಾರಿ ಸೀಮೆಯಲ್ಲಿ ಪ್ರಬಲವಾಗಿತ್ತು. 1982ರಲ್ಲಿ ಕರ್ನಾಟಕ ಸರ್ಕಾರ ದೇವದಾಸಿ ಸಮರ್ಪಣೆಯನ್ನು ಕಾನೂನಿನ ಮೂಲಕ ನಿಷೇಧಿಸಿತು. ಈ ಪದ್ಧತಿಯನ್ನು ‘ನಮ್ಮ ಸಂಸ್ಕೃತಿ’ ಎಂದು ಸಮರ್ಥಿಸುವವರು ಆ ಹೆಣ್ಣುಮಕ್ಕಳ ಮಾತನ್ನು ಕೇಳಿದವರಲ್ಲ. ಇಲ್ಲಿ ಕ್ರೈಸ್ತನೂ ಆಧುನಿಕ ಕಾನೂನೂ ಸಮಾಜ ಸುಧಾರಕನೂ ಒಂದೇ ಕಡೆ ನಿಲ್ಲಬೇಕಾಗುತ್ತದೆ.

ಈ ಮೂರರಲ್ಲಿ ಯಾವುದಕ್ಕೂ ಸುಲಭವಾಗಿ ಸೇರದ ಸಂದರ್ಭಗಳೂ ಉಂಟು. ಊರ ಜಾತ್ರೆಗೆ ಮನೆಮನೆಯಿಂದ ವಂತಿಗೆ ಎತ್ತುವಾಗ ಕ್ರೈಸ್ತರ ಮನೆ ಏನು ಮಾಡಬೇಕು? ನೆರೆಮನೆಯವರು ಪ್ರೀತಿಯಿಂದ ತಂದ ಪ್ರಸಾದವನ್ನು ಏನು ಮಾಡಬೇಕು? ಈ ಪ್ರಶ್ನೆ ಸಂತ ಪೌಲನ ಕಾಲದಷ್ಟು ಹಳೆಯದು. ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ ಅವನು ವಿಗ್ರಹಗಳಿಗೆ ಅರ್ಪಿಸಿದ ಆಹಾರದ ವಿಷಯವನ್ನು ವಿಸ್ತಾರವಾಗಿ ಚರ್ಚಿಸುತ್ತಾನೆ. ವಿಗ್ರಹಗಳ ಆರಾಧನೆಯಿಂದ ದೂರವಿರಬೇಕೆಂದು ಖಂಡಿತವಾಗಿ ಹೇಳುವ ಅವನು, ಒಬ್ಬರ ಮನೆಗೆ ಊಟಕ್ಕೆ ಹೋದಾಗ ಮುಂದೆ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣಬಹುದೆನ್ನುತ್ತಾನೆ. ಅದು ಅರ್ಪಿತವಾದುದೆಂದು ಯಾರಾದರೂ ತಿಳಿಸಿದರೆ, ತಿಳಿಸಿದವನ ಮನಸ್ಸಾಕ್ಷಿಗಾಗಿ ಬಿಡಬೇಕೆನ್ನುತ್ತಾನೆ. ಅವನ ಗಮನ ಪದಾರ್ಥದ ಮೇಲೆ ಎಷ್ಟಿದೆಯೋ ಎದುರಿಗಿರುವ ಮನುಷ್ಯನ ಮೇಲೂ ಅಷ್ಟೇ ಇದೆ. ಹೀಗೆ ನೋಡಿದರೆ, ಊರಿನ ಕೆರೆ, ಶಾಲೆ, ಅನ್ನಸಂತರ್ಪಣೆಗಳಿಗೆ ಧಾರಾಳವಾಗಿ ಕೈಜೋಡಿಸುವ ಮನೆಯೊಂದು ಆರಾಧನೆಯಲ್ಲಿ ಮಾತ್ರ ವಿನಯದಿಂದ ಹಿಂದೆ ನಿಂತರೆ ಅದನ್ನು ಊರು ಅರ್ಥಮಾಡಿಕೊಳ್ಳಬಲ್ಲದು. ಮುಸಲ್ಮಾನರಿಲ್ಲದ ಹಳ್ಳಿಗಳಲ್ಲಿಯೂ ಅಲಾಯಿ ದೇವರನ್ನು ಕೂರಿಸಿ ಕನ್ನಡದಲ್ಲಿ ರಿವಾಯತ್ ಪದ ಹಾಡುವ ಉತ್ತರ ಕರ್ನಾಟಕದ ಜನರಿಗೆ ಭೇದವನ್ನು ಇಟ್ಟುಕೊಂಡೇ ಕೂಡಿ ಬಾಳುವ ಕಲೆ ಅಪರಿಚಿತವಲ್ಲ.

5. ಹಲಗೆಯ ಪ್ರಶ್ನೆ: ಜಾತಿ

ಸಂಸ್ಕೃತಿಯ ಅಳವಡಿಕೆಯನ್ನು ಕುರಿತ ಚರ್ಚೆಗಳಲ್ಲಿ ಬಹುಕಾಲ ಬದಿಗೆ ಸರಿದ ವಿಷಯ ಜಾತಿ. ಹದಿನೇಳನೆಯ ಶತಮಾನದಲ್ಲಿ ಮಧುರೆಯ ರಾಬರ್ಟ್ ದೆ ನೊಬಿಲಿ ಜಾತಿಯನ್ನು ಲೌಕಿಕ ಪದ್ಧತಿಯೆಂದು ಪರಿಗಣಿಸಿ ಅದರೊಡನೆ ಹೊಂದಿಕೊಂಡನು. ಇದಕ್ಕೆ ವಿರುದ್ಧವಾಗಿ 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿಯನ್ನು ಸಂಪೂರ್ಣವಾಗಿ ಬಿಡಬೇಕೆಂದು ವಿಧಿಸಿದನು. ಬಾಸೆಲ್ ಮಿಷನ್ ಕೂಡ ಜಾತಿಯನ್ನು ಒಪ್ಪಲಿಲ್ಲ. ಮತಾಂತರದಿಂದ ಕಸುಬು ಕಳೆದುಕೊಂಡವರಿಗಾಗಿ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳನ್ನು ತೆರೆಯಿತು. ಆದರೂ ಆಜ್ಞೆಯಿಂದ ಜಾತಿ ಹೋಗಲಿಲ್ಲ. ದೇವಾಲಯದಲ್ಲಿ ಕೂರುವ ಜಾಗ, ಸ್ಮಶಾನದ ಗೋಡೆ, ಮದುವೆಯ ಸಂಬಂಧಗಳಲ್ಲಿ ಅದು ದಕ್ಷಿಣ ಭಾರತದ ಹಲವೆಡೆ ಉಳಿದುಕೊಂಡಿತು.

ಹಲಗೆ ವಾದ್ಯವನ್ನು ಇಲ್ಲಿ ಗಮನಿಸಬೇಕು. ಬಳ್ಳಾರಿ ಸೀಮೆಯ ಜಾತ್ರೆ, ಮೆರವಣಿಗೆ, ಶವಯಾತ್ರೆಗಳಲ್ಲಿ ಹಲಗೆ ಬಾರಿಸುವುದು ದಲಿತ ಕೇರಿಯ ಕಡ್ಡಾಯ ಸೇವೆಯಾಗಿತ್ತು. ಕೇರಿಯಿಂದ ಬಂದ ಕ್ರೈಸ್ತನು ಹಲಗೆಯನ್ನು ಬಿಡಬೇಕೇ, ಉಳಿಸಿಕೊಳ್ಳಬೇಕೇ? ಬಿಟ್ಟರೆ ತಲೆಮಾರುಗಳ ಕಲೆ, ಗತ್ತುಗಳ ಜ್ಞಾನ, ಮೈಯ ಲಯ ಹೋಗುತ್ತದೆ. ಉಳಿಸಿಕೊಂಡರೆ ಅವಮಾನದ ನೆನಪು ಜೊತೆಗೇ ಬರುತ್ತದೆ. ವಾದ್ಯ ಒಂದೇ; ಯಾರ ಅಪ್ಪಣೆಗೆ ಬಾರಿಸುತ್ತಾರೆ ಎಂಬುದು ಬೇರೆ. ಗೌಡರ ಮನೆಯ ಸಾವಿಗೆ ಕರೆ ಬಂದಾಗ ಹೋಗಲೇಬೇಕಾದ ಹಲಗೆಯೇ ಬೇರೆ, ತನ್ನ ಓಣಿಯ ಈಸ್ಟರ್ ಮೆರವಣಿಗೆಗೆ ಸ್ವಂತ ಇಚ್ಛೆಯಿಂದ ಹಿಡಿದ ಹಲಗೆಯೇ ಬೇರೆ. ಕಲೆಯನ್ನು ಉಳಿಸಿ ಬಿಟ್ಟಿ ಸೇವೆಯನ್ನು ಬಿಡುವುದು ಇಲ್ಲಿ ಸರಿಯಾದ ದಾರಿ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಅವರು 1981ರಲ್ಲಿ ನೀಡಿದ ಉಪನ್ಯಾಸದಿಂದ ಮೊದಲುಗೊಂಡ ದಲಿತ ಧರ್ಮಶಾಸ್ತ್ರದ ಚಿಂತನೆಯು ಒಂದು ಮುಖ್ಯ ಪ್ರಶ್ನೆಯನ್ನು ಎತ್ತಿತು: ಭಾರತೀಯ ಸಂಸ್ಕೃತಿಯ ಅಳವಡಿಕೆ ಎಂದಾಗ ಯಾರ ಸಂಸ್ಕೃತಿ? ಆರತಿ, ಉಪನಿಷತ್ತು, ಆಶ್ರಮಗಳು ಒಳಗೆ ಬಂದು ಹಲಗೆ ಬಾಗಿಲಲ್ಲಿಯೇ ನಿಂತರೆ, ಆ ಅಳವಡಿಕೆ ಊರಿನ ಮೇಲು–ಕೀಳುಗಳನ್ನೇ ದೇವಾಲಯದೊಳಗೆ ಪುನಃ ಸ್ಥಾಪಿಸಿದಂತಾಗುತ್ತದೆ.

ಈ ಪ್ರಶ್ನೆಗೆ ಕಾನೂನಿನ ಮುಖವೂ ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶವು ಆ ಸ್ಥಾನವನ್ನು ಮೊದಲು ಹಿಂದೂಗಳಿಗೆ ಸೀಮಿತಗೊಳಿಸಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ದಲಿತ ಕ್ರೈಸ್ತರು ಹೊರಗುಳಿದರು. ಈ ವಿಷಯದ ಪರಿಶೀಲನೆಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು. ಸರ್ಕಾರ ಒಂದು ಬಗೆಯಲ್ಲಿ, ಊರು ಇನ್ನೊಂದು ಬಗೆಯಲ್ಲಿ, ಕೆಲವೊಮ್ಮೆ ಸಭೆ ಮತ್ತೊಂದು ಬಗೆಯಲ್ಲಿ ಗುರುತಿಸುವ ಮನುಷ್ಯನಿಗೆ ‘ಸಂಸ್ಕೃತಿಯೊಡನೆ ಸಂಬಂಧ’ ಎಂಬುದು ಮಕ್ಕಳ ಶಾಲೆಯ ಅರ್ಜಿಯಲ್ಲಿ ಏನು ಬರೆಯಬೇಕೆಂಬ ಇಕ್ಕಟ್ಟಾಗಿ ಎದುರಾಗುತ್ತದೆ.

6. ಗಣಿಯ ಧೂಳು ಮತ್ತು ಹೊಸ ಹೊಣೆ

ಆಧುನಿಕ ಸಮಾಜದೊಡನೆ ಕ್ರೈಸ್ತರ ಸಂಬಂಧವನ್ನು ಕುರಿತು ಸ್ವತಂತ್ರ ಭಾರತದಲ್ಲಿ ನಡೆದ ಗಂಭೀರ ಚಿಂತನೆಯ ಒಂದು ಕೇಂದ್ರ ಬೆಂಗಳೂರು. ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ 1957ರಲ್ಲಿ ಅಲ್ಲಿ ಸ್ಥಾಪನೆಯಾದ ಕ್ರೈಸ್ತ ಸಂಸ್ಥೆಗೆ ಪಿ.ಡಿ. ದೇವನಂದನ್ ಮೊದಲ ನಿರ್ದೇಶಕರು. 1962ರಲ್ಲಿ ಅವರು ನಿಧನರಾದ ಮೇಲೆ ಎಂ.ಎಂ. ಥಾಮಸ್ ಆ ಹೊಣೆ ಹೊತ್ತರು. ಕ್ರೈಸ್ತರು ತಮ್ಮ ಸಂಸ್ಥೆಗಳ ಗೋಡೆಯೊಳಗೆ ಉಳಿಯದೆ ಅನ್ಯಮತೀಯರ ಜೊತೆಗೂಡಿ ನಾಡನ್ನು ಕಟ್ಟುವ ಕೆಲಸದಲ್ಲಿ ಭಾಗಿಗಳಾಗಬೇಕೆಂಬುದು ಅವರ ಪ್ರತಿಪಾದನೆಯ ಸಾರ. 1965ರ ಡಿಸೆಂಬರಿನಲ್ಲಿ ವ್ಯಾಟಿಕನ್ ಮಹಾಸಭೆಯು ಆಧುನಿಕ ಜಗತ್ತಿನಲ್ಲಿ ಸಭೆಯ ಸ್ಥಾನವನ್ನು ಕುರಿತು ಹೊರಡಿಸಿದ ದಸ್ತಾವೇಜು ಕೂಡ ಇದೇ ದಿಕ್ಕಿನದು.

ಹೊಸಪೇಟೆ–ಸಂಡೂರು ಪರಿಸರದಲ್ಲಿ ಈ ಮಾತಿಗೆ ಗಟ್ಟಿಯಾದ ಅರ್ಥವಿದೆ. ಇಲ್ಲಿ ಆಧುನಿಕತೆ ಬಂದದ್ದು ಮೊದಲು ತುಂಗಭದ್ರಾ ಅಣೆಕಟ್ಟಿನ ನೀರಾಗಿ, ಅನಂತರ ಅದಿರಿನ ಹಣವಾಗಿ. ಈ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಏರಿದಾಗ ಹೊಲಗಳು ಅಗೆತಕ್ಕೆ ಹೋದವು, ರಸ್ತೆಗಳು ಲಾರಿಗಳ ಪಾಲಾದವು, ಬೆಳೆಯ ಮೇಲೆ ಕೆಂಪು ಧೂಳು ಕುಳಿತಿತು. 2011ರ ಜುಲೈಯಲ್ಲಿ ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ಅವರ ವರದಿ ಹೊರಬಂತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ತಡೆಹಿಡಿಯಿತು. 2013ರಲ್ಲಿ ಷರತ್ತುಗಳೊಡನೆ ಗಣಿಗಳು ಪುನಃ ಆರಂಭವಾದವು. ಏರಿಕೆಯಿಂದ ಸಿಕ್ಕ ಕೂಲಿ, ತಡೆಯಿಂದ ಹೋದ ಕೂಲಿ ಎರಡೂ ಬಡವರ ಮನೆಯ ಅನುಭವ.

ಇಂತಹ ಕಡೆ ಆಧುನಿಕ ಸಂಸ್ಕೃತಿಯ ಅಪಾಯವನ್ನು ಸಿನಿಮಾ, ಉಡುಪು, ಮೊಬೈಲುಗಳಲ್ಲಿ ಮಾತ್ರ ಹುಡುಕುವ ಬೋಧನೆ ಅಪೂರ್ಣವಾದುದು. ಯುವಕರ ತಲೆಗೂದಲನ್ನು ಕುರಿತು ದೀರ್ಘವಾಗಿ ಮಾತನಾಡಿ, ಬೆಟ್ಟವನ್ನು ಕರಗಿಸಿದ ಆಸೆಯನ್ನು ಕುರಿತು ಮೌನವಾಗಿರುವುದು ಧರ್ಮದ ಲಕ್ಷಣವಲ್ಲ. 2015ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ‘ಲೌದಾತೊ ಸಿ’ ಎಂಬ ವಿಶ್ವಪತ್ರವು ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಂದಾಗಿ ಕೇಳಬೇಕೆಂದು ಒತ್ತಾಯಿಸಿತು. ಜನಪದರಿಗೆ ಈ ತಿಳಿವಳಿಕೆ ಹೊಸದಲ್ಲ. ಹುತ್ತ, ಬನ, ಕೆರೆ, ಬೆಟ್ಟಗಳಿಗೆ ದೈವತ್ವ ಕೊಟ್ಟ ಜನರು ಅವುಗಳ ಬಳಕೆಗೆ ಮಿತಿಯನ್ನೂ ಹಾಕಿದ್ದರು. ಬೆಟ್ಟವನ್ನು ದೇವರೆಂದು ಕ್ರೈಸ್ತನು ಪೂಜಿಸಲಾರನು. ಆದರೆ ಅದು ದೇವರ ಸೃಷ್ಟಿಯೆಂದು ಅವನು ನಂಬುತ್ತಾನೆ. ದಾರಿ ಬೇರೆಯಾದರೂ ಇಬ್ಬರೂ ತಲಪುವ ತೀರ್ಮಾನ ಒಂದೇ: ಬೆಟ್ಟವು ಮಾರಾಟದ ಸರಕು ಮಾತ್ರವಲ್ಲ. ಕುಡಿಯುವ ನೀರು, ಗಣಿ ಕಾರ್ಮಿಕರ ಆರೋಗ್ಯ, ಕೆರೆಗಳ ಪುನಶ್ಚೇತನದಂತಹ ವಿಷಯಗಳಲ್ಲಿ ಗ್ರಾಮಸಭೆಯಲ್ಲಿ ನೆರೆಯವರೊಡನೆ ಕುಳಿತು ಮಾತನಾಡುವುದು ಈ ಪ್ರದೇಶದ ಕ್ರೈಸ್ತನ ಧಾರ್ಮಿಕ ಕರ್ತವ್ಯವೂ ಆಗುತ್ತದೆ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಕ್ರೈಸ್ತರು ಈ ನಾಡಿನ ಸಂಸ್ಕೃತಿಗೂ ಆಧುನಿಕತೆಗೂ ಹೊರಗಿನವರಲ್ಲ; ಎರಡನ್ನೂ ಕಟ್ಟಿದವರಲ್ಲಿ ಅವರೂ ಸೇರಿದ್ದಾರೆ. ಹಳೆಯದು–ಹೊಸದು, ದೇಶೀಯ–ವಿದೇಶೀಯ ಎಂಬ ವಿಂಗಡಣೆಗಳು ಆಯ್ಕೆಗೆ ಸಾಲವು. ಭಾಗೀರಥಿ, ಬಸವಿ ಬಿಟ್ಟ ಹುಡುಗಿ, ಹಲಗೆಯವನು, ಧೂಳು ಕುಡಿದ ಕೂಲಿಯವನು ಇವರೆಲ್ಲರ ಬದುಕು ಒಂದೇ ಅಳತೆಗೋಲನ್ನು ಮುಂದಿಡುತ್ತದೆ: ಒಂದು ಆಚರಣೆ, ಒಂದು ಯಂತ್ರ, ಒಂದು ವ್ಯವಸ್ಥೆ ಯಾರನ್ನು ಬಲಿ ಕೇಳುತ್ತದೆ? ಬಲಿ ಕೇಳದುದನ್ನು ಸಂತೋಷದಿಂದ ಉಳಿಸಿಕೊಳ್ಳಬಹುದು. ಬಲಿ ಕೇಳುವುದನ್ನು, ಅದು ಜಾತ್ರೆಯಲ್ಲಿರಲಿ, ಕಾರ್ಖಾನೆಯಲ್ಲಿರಲಿ, ದೇವಾಲಯದೊಳಗೇ ಇರಲಿ, ಬಿಡಬೇಕು. ಈ ಅಳತೆಗೋಲು ಕ್ರೈಸ್ತರದು ಮಾತ್ರವಲ್ಲ ಎಂಬುದೇ ಅದರ ಬಲ. ಭಾಗೀರಥಿಗಾಗಿ ಮರುಗಿ ಹಾಡಿದ ತಾಯಂದಿರು ಇದೇ ಕೋಲಿನಿಂದ ತಮ್ಮ ಕಾಲವನ್ನು ಅಳೆದಿದ್ದರು.